ಗಂಡಸರ ಮೂತ್ರದ ತೊಂದರೆ: ಪ್ರಾಸ್ಟೇಟ್ ಗ್ರಂಥಿಯ ಕಾಯಿಲೆಗಳು

ತುಮಕೂರಿನ ಬಟವಾಡಿಯಲ್ಲಿ ಬೆಂಗಳೂರಿನ ಬಸ್ಸಿಗೆ ಕಾದು ನಿಂತ ಹಿರಿಯರಲ್ಲಿ ಬೆಳಿಗ್ಗೆಯಿಂದ ಒಂದು ಲೋಟ ನೀರನ್ನೂ ಕುಡಿಯದವರು ಇರಬಹುದು. ಸುಮಾರು 70 ಕಿ.ಮೀ. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಏನು ಗತಿ ಎಂಬ ಅಂಜಿಕೆ. ರಾತ್ರಿ ಮೂರು ನಾಲ್ಕು ಸಲ ಏಳುವುದನ್ನು ಹೆಂಡತಿ ಬಲ್ಲರು, ಆದರೆ 'ವಯಸ್ಸಾಯಿತಲ್ಲ' ಎಂದು ಮನೆಯವರೆಲ್ಲ ಸುಮ್ಮನಾಗುತ್ತಾರೆ. ಇದು ಬರೀ ವಯಸ್ಸಿನ ಮಾತಲ್ಲ.

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳದ ಆರಂಭವನ್ನು ಉಂಗುರದಂತೆ ಸುತ್ತುವರಿದಿದೆ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ. ನಲವತ್ತು ದಾಟಿದ ಮೇಲೆ ಬೆಳೆಯತೊಡಗಿ ಒಳಗಿನ ನಾಳವನ್ನು ಒತ್ತುತ್ತದೆ. ಈ ಊತ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರಾಗಿ ಬದಲಾಗುವುದೂ ಇಲ್ಲ. ಮೂತ್ರ ಶುರುವಾಗಲು ತಡವಾಗುವುದು, ಧಾರೆ ಸಣ್ಣದಾಗುವುದು, ಮಾಡಿ ಬಂದರೂ ಇನ್ನೂ ಉಳಿದಿದೆ ಎನಿಸುವುದು ಇದರ ಲಕ್ಷಣಗಳು. ಗ್ರಂಥಿ ದೊಡ್ಡದಾದಷ್ಟೂ ತೊಂದರೆ ಹೆಚ್ಚೆಂದೇನೂ ಇಲ್ಲ. ಸ್ಕ್ಯಾನಿಂಗ್ ವರದಿಯ ಗ್ರಾಂ ಲೆಕ್ಕ ನೋಡಿ ಗಾಬರಿಯಾಗಬೇಡಿ.

ಆದರೆ ಒಂದು ಸಂಗತಿಯನ್ನು ಮನೆಯವರು ಚೆನ್ನಾಗಿ ತಿಳಿದಿರಬೇಕು. ಅಜ್ಜನ ಪಂಚೆ ಆಗಾಗ ಒದ್ದೆಯಾದರೆ 'ಹಿಡಿತ ತಪ್ಪಿದೆ' ಎಂದು ಬಟ್ಟೆ ಬದಲಿಸಿ ಬಿಡುತ್ತೇವೆ. ಅನೇಕ ವೇಳೆ ನಿಜ ಸಂಗತಿ ತದ್ವಿರುದ್ಧ. ಮೂತ್ರಕೋಶ ಖಾಲಿಯಾಗದೆ ತುಂಬಿ ತುಳುಕಿ, ಹೆಚ್ಚಾದದ್ದು ಹನಿಹನಿಯಾಗಿ ಸೋರುತ್ತಿರುತ್ತದೆ. ನಿಧಾನವಾಗಿ ತುಂಬಿದ್ದರಿಂದ ನೋವೇ ಇರದಿರಬಹುದು. ಒತ್ತಡ ಹಿಂದಕ್ಕೆ ಹೋಗಿ ಮೂತ್ರಪಿಂಡಗಳನ್ನು, ಅಂದರೆ ಕಿಡ್ನಿಗಳನ್ನು, ಸದ್ದಿಲ್ಲದೆ ಕೆಡಿಸುತ್ತದೆ. ಹೊಕ್ಕುಳಿನ ಕೆಳಗೆ ಹೊಟ್ಟೆ ಉಬ್ಬಿದ್ದು, ಊಟ ಸೇರದೆ ಸುಸ್ತು, ವಾಂತಿ ಕಂಡರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮೂತ್ರ ಒಮ್ಮೆಲೇ ಕಟ್ಟಿಕೊಳ್ಳುವುದೂ ಉಂಟು. ಆಗಿನ ನೋವು ಅಸಹನೀಯ. ಇದಕ್ಕೆ ನೆಗಡಿ ಮಾತ್ರೆಯೇ ಕಾರಣವಾಗಬಹುದು ಎಂದರೆ ಹಲವರಿಗೆ ಆಶ್ಚರ್ಯ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಿಗಳು ಮೂತ್ರಕೋಶದ ಬಾಯಿಯನ್ನು ಬಿಗಿಗೊಳಿಸುತ್ತವೆ. ಹೀಗಾದಾಗ ಎಳನೀರು, ಬಾರ್ಲಿ ನೀರು ಕುಡಿಸಿದರೆ ಸಂಕಟ ಹೆಚ್ಚುತ್ತದೆ ಅಷ್ಟೇ. ಕೂಡಲೇ ಆಸ್ಪತ್ರೆಗೆ ಹೋಗಿ ನಳಿಕೆ ಹಾಕಿಸಬೇಕು.

ಉರಿಮೂತ್ರವೆಂದರೆ ನಮ್ಮಲ್ಲಿ 'ಉಷ್ಣ'. ಉರಿಯ ಜೊತೆಗೆ ಚಳಿಜ್ವರ, ವೃಷಣ ಮತ್ತು ಗುದದ್ವಾರದ ನಡುವೆ ನೋವು ಇದ್ದರೆ ಅದು ಪ್ರಾಸ್ಟೇಟ್‌ನ ಸೋಂಕಾಗಿರಬಹುದು. ಮೂವತ್ತು ನಲವತ್ತರ ಹರೆಯದವರಿಗೂ ಬರುತ್ತದೆ. ಜೀವಿರೋಧಕ ಔಷಧಿಯನ್ನು ಕೆಲವು ವಾರ ತೆಗೆದುಕೊಳ್ಳಬೇಕಾಗುತ್ತದೆ. ಜ್ವರ ಇಳಿಯಿತೆಂದು ಮೂರನೇ ದಿನಕ್ಕೆ ಬಿಡುವಂತಿಲ್ಲ.

ಇನ್ನು ಕ್ಯಾನ್ಸರ್. ಇದು ಹೆಚ್ಚಾಗಿ ಗ್ರಂಥಿಯ ಹೊರಭಾಗದಲ್ಲಿ, ನಾಳದಿಂದ ದೂರದಲ್ಲಿ ಹುಟ್ಟುವುದರಿಂದ ಮೊದಲಿಗೆ ಯಾವ ಲಕ್ಷಣವೂ ಕಾಣದು. ಬಿಡದ ಬೆನ್ನು, ಸೊಂಟದ ನೋವೇ ಕೆಲವರಲ್ಲಿ ಮೊದಲ ಸೂಚನೆ. ಅಷ್ಟರಲ್ಲಿ ರೋಗ ಮೂಳೆಗೆ ಹರಡಿರುತ್ತದೆ. ಆಗಲೂ ಕೈಚೆಲ್ಲಬೇಕಿಲ್ಲ. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ.

ಪರೀಕ್ಷೆಗೆ ನಾಚಿಕೆ ಬೇಡ. ವೈದ್ಯರು ಕೈಗವಸು ತೊಟ್ಟು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಒಂದು ನಿಮಿಷದ ಕೆಲಸ. ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್, ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯೂ ಇವೆ. ಪಿ.ಎಸ್.ಎ. ಊತದಿಂದಲೂ ಸೋಂಕಿನಿಂದಲೂ ಏರುವುದರಿಂದ, ಏರಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನುವಂತಿಲ್ಲ. ಪದೇ ಪದೇ ಮೂತ್ರಕ್ಕೆ ಹೋಗುವುದು ಸಕ್ಕರೆ ಕಾಯಿಲೆಯಲ್ಲೂ ಉಂಟು, ಅದನ್ನೂ ನೋಡಿಸಿ. ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲವಾದರೂ, ತೋರಿಸಲೇಬೇಕು.

ಊತಕ್ಕೆ ಅನೇಕರಿಗೆ ಮಾತ್ರೆಯೇ ಸಾಕು. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ಧಾರೆಯನ್ನು ಸರಿಪಡಿಸುತ್ತದೆ, ಆದರೆ ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು. ಮಂಚದ ಅಂಚಿನಲ್ಲಿ ಕೂತು ಏಳಿ. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್‌ಗೆ ಆರು ತಿಂಗಳ ತಾಳ್ಮೆ ಬೇಕು. ಅದು ಪಿ.ಎಸ್.ಎ.ಯನ್ನು ಅರ್ಧಕ್ಕೆ ಇಳಿಸುತ್ತದೆ, ರಕ್ತಪರೀಕ್ಷೆಗೆ ಮುನ್ನ ವೈದ್ಯರಿಗೆ ತಿಳಿಸಿ. ಮಾತ್ರೆಗೆ ಬಗ್ಗದಿದ್ದರೆ ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಅಡ್ಡಿಯಾದ ಭಾಗವನ್ನು ಕೆರೆದು ತೆಗೆಯುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಇಂಥ ರೋಗಗಳಿಗೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

ನೀರು ಬಿಡಬೇಡಿ. ಸಂಜೆಯ ನಂತರ ಕಾಫಿ, ಟೀ, ನೀರನ್ನು ಕಡಿಮೆ ಮಾಡಿ ಹಗಲಿನಲ್ಲಿ ಸಾಕಷ್ಟು ಕುಡಿಯಿರಿ. ಬಸ್ಸು ಹತ್ತುವ ಮೊದಲು ಒಮ್ಮೆ ಹೋಗಿ ಬಂದು, ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿದರೆ ಉಳಿದದ್ದೂ ಹೊರಬರುತ್ತದೆ.