ಗಲ್ಲಾಪೆಟ್ಟಿಗೆಯ ಮುಂದಿನ ಚೀಟಿ

ನಮ್ಮ ಶಾಲೆಯಲ್ಲಿ ಓದಿ ಉನ್ನತ ಪದವಿಗಳಿಗೆ ಏರಿದವರ ಹೆಸರುಗಳನ್ನು ಇಂತಹ ಸಂಸ್ಮರಣ ಸಂಪುಟಗಳಲ್ಲಿ ನಾವು ಹೆಮ್ಮೆಯಿಂದ ಅಚ್ಚುಹಾಕಿಸುತ್ತೇವೆ. ಅದು ಯುಕ್ತವೇ. ಆದರೆ ಹಾಗೆ ಅಚ್ಚಾಗದೆ ಉಳಿದವರು ಬಹುಮಂದಿ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಜಕ್ಕನಹಳ್ಳಿಗಳ ಮೇಲೆ ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ನಿರ್ವಾಹಕರಾಗಿ, ಹಳ್ಳಿಯ ನ್ಯಾಯಬೆಲೆ ಅಂಗಡಿಯಲ್ಲಿ ತಕ್ಕಡಿ ಹಿಡಿದವರಾಗಿ, ಕೃಷ್ಣರಾಜಪೇಟೆಯ ದಿನಸಿ ಮಳಿಗೆಯಲ್ಲಿ ಕ್ಯಾಷಿಯರ್ ಆಗಿ ಅವರು ನಮಗೆ ಎದುರಾಗುತ್ತಾರೆ. ಸಂತೆಯ ಗದ್ದಲದ ನಡುವೆಯೂ ಎದ್ದುನಿಂತು ಕೈಮುಗಿಯುತ್ತಾರೆ. ಅಂತಹ ಒಬ್ಬ ಹಳೆಯ ವಿದ್ಯಾರ್ಥಿಯು ಕಳೆದ ಗೌರೀಹಬ್ಬದ ಹಿಂದುಮುಂದಿನ ಒಂದು ದಿನ ನನ್ನನ್ನು ಅಂಗಡಿಯಲ್ಲಿಯೇ ಕುಳ್ಳಿರಿಸಿ ಕಾಫಿ ತರಿಸಿದನು. ಹಬ್ಬದ ರಿಯಾಯಿತಿ ಚೀಟಿಗಳ ರಾಶಿಯು ಅವನ ಮುಂದಿತ್ತು. "ಮೇಷ್ಟ್ರೇ, ಸಂಧಿ ಕಲಿಸಿದಿರಿ, ಸಮಾಸ ಕಲಿಸಿದಿರಿ. ಸುಳ್ಳು ಚೀಟಿ ತಂದವರಿಗೆ ಏನು ಹೇಳಬೇಕು ಅನ್ನೋದನ್ನ ಮಾತ್ರ ಯಾರೂ ಕಲಿಸಲಿಲ್ಲ" ಎಂದನು. ಅವನು ನಗುತ್ತಲೇ ಹೇಳಿದ ಮಾತು. ಆದರೆ ನನಗೆ ಅದು ನಗೆಯಾಗಿ ಕೇಳಿಸಲಿಲ್ಲ. ಅವನಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಮೊದಲು ಶಬ್ದದಿಂದ ಹೊರಡುವುದು ನನ್ನಂತಹವರ ಅಭ್ಯಾಸ. 'ಕೂಪನ್' ಎಂಬುದು ಫ್ರೆಂಚ್ ಭಾಷೆಯಲ್ಲಿ 'ಕತ್ತರಿಸು' ಎಂಬರ್ಥದ ಧಾತುವಿನಿಂದ ಹುಟ್ಟಿದ ಮಾತು. ಸಾಲಪತ್ರದ ಅಂಚಿನಿಂದ ಬಡ್ಡಿಯ ಒಂದೊಂದು ಕಂತಿಗೂ ಕತ್ತರಿಸಿ ಒಪ್ಪಿಸುತ್ತಿದ್ದ ತುಂಡಿಗೆ ಹಿಂದೆ ಆ ಹೆಸರಿತ್ತು. ಕತ್ತರಿಸಿದ ತುಂಡು ಮರಳಿ ಅಂಟದು. ಒಂದು ಚೀಟಿಗೆ ಒಂದೇ ಸಲ ಫಲ ಎಂಬ ನಿಯಮವು ಶಬ್ದದ ಹೊಟ್ಟೆಯಲ್ಲಿಯೇ ಇದೆ. 'ಗಲ್ಲಾ' ಎಂದರೆ ಹಿಂದುಸ್ತಾನಿಯಲ್ಲಿ ಧಾನ್ಯವೂ ಹೌದು, ಅಂಗಡಿಯ ದುಡ್ಡಿನ ಪೆಟ್ಟಿಗೆಯೂ ಹೌದು. ನಮ್ಮ 'ಪಡಿತರ'ವಂತೂ ದೇವಾಲಯದಿಂದ ಬಂದುದು. ದೇವರ ನಿತ್ಯಸೇವೆಗೆಂದು ಗೊತ್ತುಮಾಡಿದ ಅಕ್ಕಿ ಬೇಳೆ ತುಪ್ಪಗಳ ಪಡಿಗೆ ಆ ಹೆಸರು. ದೇವರಿಗೆ ಸಲ್ಲುತ್ತಿದ್ದ ಮಾತು ಇಂದು ಬಡವನ ಚೀಲಕ್ಕೆ ಸಲ್ಲುತ್ತಿದೆ. ಶಬ್ದವು ಇಳಿಯಿತೆಂದು ನಾನು ತಿಳಿಯುವುದಿಲ್ಲ.

ಅಂಗಡಿಯ ಚೀಟಿಯ ದುರುಪಯೋಗವು ಹೆಚ್ಚು ವಿಸ್ತಾರಕ್ಕೆ ಅರ್ಹವಲ್ಲ. ಅವಧಿ ಮುಗಿದ ಚೀಟಿಯನ್ನು ಹೊಸ ಚೀಟಿಗಳ ನಡುವೆ ಸೇರಿಸುವುದು, ಒಂದನ್ನೇ ನಕಲು ಮಾಡಿಸಿ ಮನೆಮಂದಿಯೆಲ್ಲ ಬೇರೆಬೇರೆಯಾಗಿ ಬರುವುದು, ಸಾಬೂನಿಗೆ ಕೊಟ್ಟುದನ್ನು ಎಣ್ಣೆಗೆ ಕೇಳುವುದು, ಮೊಬೈಲಿಗೆ ಬಂದ ಅಂಕಿಯನ್ನು ನೆಂಟರಿಷ್ಟರಿಗೆಲ್ಲ ಹಂಚುವುದು, ಇಷ್ಟೇ. ಇದರಲ್ಲಿ ಅಂಗಡಿಗೆ ಆಗುವ ನಷ್ಟವು ಸಣ್ಣದು. ಸಣ್ಣದಲ್ಲದ ಸಂಗತಿಯೆಂದರೆ ಆ ನಷ್ಟವು ಯಾರ ಮೇಲೆ ಬೀಳುತ್ತದೆಂಬುದು. ರಾತ್ರಿ ಲೆಕ್ಕ ಕೂಡದಿದ್ದರೆ ಮಾಲೀಕನು ನೋಡುವುದು ಗಿರಾಕಿಯ ಮುಖವನ್ನಲ್ಲ. ಗಿರಾಕಿಯು ಆಗಲೇ ಊರು ಸೇರಿರುತ್ತಾನೆ. ಗಲ್ಲಾದ ಮುಂದೆ ಉಳಿದವನು ಒಬ್ಬನೇ. ಬೇಡವೆಂದರೆ ಗಿರಾಕಿಯ ಬೈಗುಳ, ಹೂಂ ಎಂದರೆ ಯಜಮಾನನ ಬೈಗುಳ. ಅಡಕೆ ಕತ್ತರಿಯ ನಡುವೆ ಸಿಕ್ಕ ಅಡಕೆಯ ಪಾಡು ಅದು.

ಈ ಪಾಡಿನ ನಿಜವಾದ ಪಾಠಶಾಲೆಯೆಂದರೆ ನಮ್ಮ ಸೀಮೆಯ ಬಸ್ಸು. ಚಿಲ್ಲರೆ ಇಲ್ಲದಾಗ ನಿರ್ವಾಹಕನು ಟಿಕೆಟಿನ ಹಿಂಬದಿಯಲ್ಲಿ ಬಾಕಿಯನ್ನು ಬರೆದುಕೊಡುವುದನ್ನು ಕಾಣದವರಾರು? ನಾಲ್ಕೆಳೆಯ ಆ ಬರಹವೂ ಒಂದು ಕೂಪನ್ನೇ. ಇಳಿಯುವಾಗ ಅದನ್ನು ತೋರಿಸಿ ಹಣ ಪಡೆಯಬೇಕು. ಅಲ್ಲಿ ಐದರ ಹಿಂದೆ ಒಂದನ್ನು ಸೇರಿಸಿ ಹದಿನೈದು ಮಾಡಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರಯಾಣಿಕನು ಮರೆತು ಇಳಿದುಹೋಗಲೆಂದು ಮೌನವಾಗಿದ್ದ ನಿರ್ವಾಹಕರನ್ನೂ ಕಂಡಿದ್ದೇನೆ. ಚೀಟಿಯೆಂಬುದು ಎರಡು ಕಡೆಗೂ ಬಾಯಿರುವ ಕತ್ತಿ. ಈಚೆಗೆ ಮೊಬೈಲಿನಿಂದ ಹಣ ಸಲ್ಲಿಸುವ ಪದ್ಧತಿ ಬಂದು ಈ ಹಿಂಬರಹ ಕಡಿಮೆಯಾಗಿದೆ, ಪೂರಾ ಅಳಿದಿಲ್ಲ.

2023ರ ಜೂನ್ 11ರಂದು ಕರ್ನಾಟಕ ಸರ್ಕಾರವು ಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ನಿರ್ವಾಹಕನ ಕೈಗೆ ಇನ್ನೊಂದು ಬಗೆಯ ಚೀಟಿ ಬಂದಿತು. ರಾಜ್ಯದ ನಿವಾಸಿಗಳಾದ ಹೆಣ್ಣುಮಕ್ಕಳು ಗುರುತಿನ ಚೀಟಿಯನ್ನು ತೋರಿಸಿದರೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟು. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸದು. ಟಿಕೆಟಿನ ಬೆಲೆ ಪ್ರಯಾಣಿಕಳಿಗೆ ಶೂನ್ಯ, ಸರ್ಕಾರಕ್ಕೆ ಶೂನ್ಯವಲ್ಲ. ಹಂಚಿದ ಟಿಕೆಟುಗಳ ಲೆಕ್ಕದ ಮೇಲೆ ಸಾರಿಗೆ ನಿಗಮಗಳಿಗೆ ಹಣ ಸಲ್ಲಬೇಕು. ಆದುದರಿಂದ ಹತ್ತದವರ ಹೆಸರಿನಲ್ಲಿ ಹರಿದ ಒಂದು ಶೂನ್ಯ ಟಿಕೆಟೂ ಬೊಕ್ಕಸದಿಂದ ತೆಗೆದ ಕಾಸೇ ಆಗುತ್ತದೆ. ಪಾಂಡವಪುರಕ್ಕೆ ಹೋಗುವವಳು ನಾಗಮಂಗಲಕ್ಕೆ ಟಿಕೆಟು ಪಡೆದು ನಡುವೆ ಇಳಿದರೆ ತನಗೇನೂ ನಷ್ಟವಿಲ್ಲವೆಂದು ಭಾವಿಸುತ್ತಾಳೆ. ಬರಿಗೈಯಲ್ಲಿ ಕೊಟ್ಟುದು ಬರಿಯ ಕಾಗದವೆಂಬ ಭ್ರಮೆ ಅದು.

ಕಷ್ಟದ ಸಂಗತಿ ಇದಕ್ಕಿಂತ ಬೇರೆಯಿದೆ. ಕೃಷ್ಣರಾಜಪೇಟೆಯ ಕಡೆಯ ಹಳ್ಳಿಯಲ್ಲಿ ಹುಟ್ಟಿ ಹೊಸೂರಿಗೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳು ಹಬ್ಬಕ್ಕೆ ತವರಿಗೆ ಬರುತ್ತಾಳೆನ್ನಿ. ಅವಳ ಮಾತು ಅಚ್ಚ ಮಂಡ್ಯದ ಕನ್ನಡ. ಮಡಿಲಲ್ಲಿ ಮಗು. ಗುರುತಿನ ಚೀಟಿಯಲ್ಲಿ ಮಾತ್ರ ತಮಿಳುನಾಡಿನ ವಿಳಾಸ. ನಿಯಮವು ನಿವಾಸವನ್ನು ಕೇಳುತ್ತದೆ, ತವರನ್ನು ಕೇಳುವುದಿಲ್ಲ. ನಿರ್ವಾಹಕನು ಹಣ ಕೇಳಲೇಬೇಕು. ನಮ್ಮಲ್ಲಿ ಓದಿದ ಒಬ್ಬ ನಿರ್ವಾಹಕನು ಇಂತಹ ಸಂದರ್ಭದಲ್ಲಿ ಹೇಳಿದ್ದನ್ನು ನಾನು ಪಕ್ಕದ ಆಸನದಲ್ಲಿ ಕುಳಿತು ಕೇಳಿದೆನು. "ಅಕ್ಕ, ಕಾರ್ಡು ಆ ಕಡೆಯದು. ಈ ಮಿಷನ್ನು ಒಪ್ಪಲ್ಲ, ಟಿಕೆಟ್ ತಗೋಬೇಕಾಗ್ತದೆ" ಎಂದನು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. ಆಕೆ ಹಣ ತೆಗೆದುಕೊಟ್ಟಳು, ಮುಖ ಬಾಡಲಿಲ್ಲ. ಅಕ್ಕ ಎಂಬ ಸಂಬೋಧನೆ ಮೊದಲು ಬಂತು, ದೋಷವು ಕಾರ್ಡಿನ ಮೇಲೆ ಬಿತ್ತು, ನಿರ್ಧಾರವು ಯಂತ್ರದ ಮೇಲೆ ಹೋಯಿತು. ಯಂತ್ರವು ಒಪ್ಪುವುದಿಲ್ಲವೆಂಬುದು ಅಕ್ಷರಶಃ ಸತ್ಯವಲ್ಲದಿರಬಹುದು. ಆ ಮಟ್ಟಿನ ಅಲಂಕಾರವನ್ನು ಕ್ಷಮಿಸಬಹುದೆಂದು ನನ್ನ ಮತ.

ನ್ಯಾಯಬೆಲೆ ಅಂಗಡಿಯವನ ಸ್ಥಿತಿ ಇನ್ನೂ ಸೂಕ್ಷ್ಮ. 2016ರ ಸುಮಾರಿನಲ್ಲಿ ಪಡಿತರಕ್ಕೂ ಕೂಪನ್ ಪದ್ಧತಿಯನ್ನು ತಂದು ನೋಡಿದ್ದುಂಟು; ಅದು ಬಹುಕಾಲ ನಿಲ್ಲಲಿಲ್ಲ. ಈಗ ಬೆರಳಚ್ಚಿನ ಯಂತ್ರವೇ ಸಾಕ್ಷಿ. ಇತರರ ಕಾರ್ಡಿನಲ್ಲಿ ಅಕ್ಕಿ ಎತ್ತುವವರನ್ನು ತಡೆಯಲೆಂದು ಬಂದ ಈ ಯಂತ್ರವು ಕಬ್ಬು ಕಡಿದು, ನಾಟಿ ಹಾಕಿ, ಕಳೆ ಕಿತ್ತು ರೇಖೆ ಸವೆದ ಬೆರಳನ್ನು ಎಷ್ಟೋ ಸಲ ಗುರುತಿಸದು. ಯಂತ್ರವು ಒಪ್ಪದ ಮುದುಕಿಯು ಕಳ್ಳಿಯಲ್ಲ, ದುಡಿದವಳು. ಇತ್ತ, ಯಂತ್ರವು ಒಪ್ಪಿದ ಕಾರ್ಡಿನವನು ಅಂಗಡಿಯಿಂದ ಹತ್ತು ಮಾರು ಹೋಗಿ ಅದೇ ಅಕ್ಕಿಯನ್ನು ಮಾರುವುದನ್ನೂ ಅಂಗಡಿಯವನು ಕಾಣುತ್ತಾನೆ. ನಮ್ಮದು ರಾಗಿಯ ಸೀಮೆ. ಅಕ್ಕಿಯನ್ನು ಕೊಟ್ಟು ರಾಗಿಯನ್ನು ತಂದುಕೊಳ್ಳುವವರೂ ಇದ್ದಾರೆ, ವ್ಯಾಪಾರಕ್ಕೆಂದೇ ಎತ್ತುವವರೂ ಇದ್ದಾರೆ. ಇಬ್ಬರನ್ನೂ ಒಂದೇ ಮಾತಿನಲ್ಲಿ ಬೈಯುವುದು ಸುಲಭ.

ಶ್ರೀಮಠದ ಪಂಕ್ತಿಯಲ್ಲಿ ಕುಳಿತವನಿಗೆ ನಾವು ಚೀಟಿ ಕೇಳುವುದಿಲ್ಲ. ಹಸಿವೇ ಅಲ್ಲಿ ಚೀಟಿ. ಅದು ದಾಸೋಹ. ಹಾಗೆಂದು ಅಂಗಡಿಯೂ ಬಸ್ಸೂ ದಾಸೋಹದಂತೆ ನಡೆಯಲೆಂದರೆ ಅದು ಪರರ ಹಣದಲ್ಲಿ ಮಾಡುವ ಔದಾರ್ಯವಾದೀತು. ಶರಣರು ಲೆಕ್ಕವನ್ನು ಹೀಗಳೆದವರಲ್ಲ. ಸುಂಕ ವಸೂಲಿಯನ್ನೇ ಕಾಯಕವಾಗಿ ಉಳ್ಳ ಬಂಕಣ್ಣನು ವಚನಕಾರರ ಸಾಲಿನಲ್ಲಿದ್ದಾನೆ. ಬಸವಣ್ಣನವರು ಕರಣಿಕರ ನಡುವೆ ಕುಳಿತು ಲೆಕ್ಕದ ತಪ್ಪನ್ನು ಕಂಡುಹಿಡಿದ ಪ್ರಸಂಗವನ್ನು ಹರಿಹರನು ತನ್ನ ರಗಳೆಯಲ್ಲಿ ತಂದಿದ್ದಾನೆ. ಮುಂದೆ ಅವರು ಬಿಜ್ಜಳನ ಭಂಡಾರಿಗಳಾದಾಗ, ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೋಯಿತು. ಎಣಿಸಿ ನೋಡಿದಾಗ ಲೆಕ್ಕವು ಸರಿಯಾಗಿಯೇ ಇತ್ತು ಎಂದು ನಮ್ಮ ಪುರಾಣಗಳು ಹೇಳುತ್ತವೆ. ಗಲ್ಲಾದ ಮುಂದೆ ಕುಳಿತವರ ಮೇಲೆ ಬರುವ ಸಂಶಯಕ್ಕೆ ಅಷ್ಟು ಹಳೆಯ ವಂಶವಿದೆ.

ಆದರೆ ನನ್ನ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಹತ್ತಿರದ ಉತ್ತರವಿರುವುದು ಆಯ್ದಕ್ಕಿ ಲಕ್ಕಮ್ಮನಲ್ಲಿ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಂದಂದಿಗೆ ಬೇಕಾದುದಕ್ಕಿಂತ ಹೆಚ್ಚನ್ನು ತಂದನು. ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಆಸೆಯೆಂದೇ ಹೇಳಿದಳು, ಮಾತಿನಲ್ಲಿ ಮೃದುತ್ವ ತೋರಲಿಲ್ಲ. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನಾವು ಎರಡು ವಿವರಗಳನ್ನು ದಾಟಿಹೋಗುತ್ತೇವೆ. ಅವಳು ಅದನ್ನು ಹೇಳಿದ್ದು ತಮ್ಮ ಮನೆಯೊಳಗೆ. ಶರಣರ ಸಭೆಯಲ್ಲಿ ಗಂಡನನ್ನು ನಿಲ್ಲಿಸಿ ಹೇಳಲಿಲ್ಲ. ಹೇಳಿ ಅಷ್ಟಕ್ಕೇ ಬಿಡದೆ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗುವ ದಾರಿಯನ್ನೂ ಕೊಟ್ಟಳು. ಅಳತೆಯಲ್ಲಿ ಕಠೋರ, ಮರ್ಯಾದೆಯಲ್ಲಿ ಉದಾರ. ಗಲ್ಲಾ ಕಾಯುವವರಿಗೆ ಇವಳಿಗಿಂತ ಹಿರಿಯ ಗುರು ನನಗೆ ತೋರುವುದಿಲ್ಲ.

ವ್ಯವಹಾರದ ಮಾತಾಗಿ ಹೇಳುವುದಾದರೆ, ಚೀಟಿಯನ್ನು ಕೈಗೆ ತೆಗೆದುಕೊಂಡವನು ಮೊದಲು ಚೀಟಿಯನ್ನೇ ಓದಬೇಕು. ತಾರೀಖು, ವಸ್ತು, ಸಂಖ್ಯೆ, ಮೊಹರು. ಮುಖವನ್ನೂ ಬಟ್ಟೆಯನ್ನೂ ಜಾತಿಯನ್ನೂ ಓದಲು ಹೊರಟರೆ ಊರಗೌಡರ ಮಗನ ಹಳೆಯ ಚೀಟಿ ಸಲ್ಲುತ್ತದೆ, ಕೂಲಿಯವನ ಹೊಸ ಚೀಟಿ ಸಲ್ಲದು. ಇದು ನಮ್ಮ ನಾಲ್ಕೂ ತಾಲ್ಲೂಕುಗಳ ಪೇಟೆಗಳಲ್ಲಿ ನಡೆಯುತ್ತಿರುವುದೇ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂಶಯ ಬಂದಲ್ಲಿ ಆರೋಪಿಸದೆ ಕೇಳಬೇಕು: ಈ ಚೀಟಿ ಎಲ್ಲಿ ದೊರೆಯಿತೆಂದು. ತಿಳಿಯದೆ ತಂದವನು ತಿಳಿಸುತ್ತಾನೆ, ತಿಳಿದು ತಂದವನು ಮೆಲ್ಲನೆ ಮಡಚಿಕೊಳ್ಳುತ್ತಾನೆ, ಎರಡರಲ್ಲೂ ಜಗಳವಿಲ್ಲ. ಹಟ ಹಿಡಿದವನನ್ನು ಮಾಲೀಕನ ಬಳಿಗೆ ಕಳುಹಿಸಬೇಕು. ಅದು ಕ್ಯಾಷಿಯರನ ಸೋಲಲ್ಲ.

ಮಾಲೀಕರಿಗೂ ಒಂದು ಮಾತು. ನಮ್ಮ ದಾನಿಗಳಲ್ಲಿ ವರ್ತಕರು ಅನೇಕರಿರುವುದರಿಂದ ಸಂಕೋಚವಿಲ್ಲದೆ ಹೇಳುತ್ತೇನೆ. ನೌಕರನ ವಶದಲ್ಲಿದ್ದ ಹಣ ಕಡಿಮೆ ಬಿದ್ದರೆ ಸಂಬಳದಲ್ಲಿ ಮನಬಂದಂತೆ ಹಿಡಿಯುವ ಹಕ್ಕು ಯಜಮಾನನಿಗಿಲ್ಲ. ನಷ್ಟವು ನೇರವಾಗಿ ನೌಕರನ ಅಲಕ್ಷ್ಯದಿಂದ ಆಗಿರಬೇಕು, ಅವನ ಸಮಜಾಯಿಷಿಯನ್ನು ಕೇಳಿರಬೇಕು, ಹಿಡಿದ ಮೊತ್ತವು ನಷ್ಟವನ್ನು ಮೀರಬಾರದು ಎಂದು 1936ರ ವೇತನ ಪಾವತಿ ಅಧಿನಿಯಮವೇ ವಿಧಿಸಿತ್ತು; 2019ರ ವೇತನ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಜಾಣತನದಿಂದ ಮಾಡಿದ ನಕಲಿಗೆ ಮೋಸಹೋದುದು ಅಲಕ್ಷ್ಯವಾಗದು. ಸಣ್ಣ ಪೇಟೆಗಳ ಅಂಗಡಿಗಳಲ್ಲಿ ಈ ಮಾತನ್ನು ಕೇಳಿದವರೇ ಕಡಿಮೆ.

ಇಷ್ಟೆಲ್ಲ ಉಪದೇಶಿಸುವ ನಾನು ಒಮ್ಮೆ ಆ ಪೀಠದಲ್ಲಿ ಕುಳಿತು ತಪ್ಪಿದವನು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಉತ್ಸವದಲ್ಲಿ ದಾಸೋಹಕ್ಕೆ ದವಸ ಕೊಟ್ಟವರಿಗೆಲ್ಲ ಅರ್ಧ ಬೆಲೆಗೆ ಪುಸ್ತಕ ಪಡೆಯುವ ಚೀಟಿಗಳನ್ನು ಹಂಚಿದ್ದರು. ಪುಸ್ತಕದ ಮಳಿಗೆಗೆ ಪಂಡಿತನೇ ಇರಲೆಂದು ನನ್ನನ್ನು ಕುಳ್ಳಿರಿಸಿದ್ದರು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಮಧ್ಯವಯಸ್ಸಿನ ತಾಯಿಯೊಬ್ಬರು ಮಕ್ಕಳಿಗಾಗಿ ಬರೆದ ಶರಣರ ಕಥೆಗಳ ಪುಸ್ತಕವನ್ನು ಆರಿಸಿ ಚೀಟಿಯನ್ನು ಕೊಟ್ಟರು. ಸಂಖ್ಯೆಯನ್ನು ನೋಡಿದೆ, ನನ್ನ ಪಟ್ಟಿಯಲ್ಲಿ ಬೆಳಿಗ್ಗೆಯೇ ಗೆರೆ ಎಳೆದಿದ್ದ ಸಂಖ್ಯೆ. "ಈ ಚೀಟಿ ಆಗಲೇ ಬಂದುಹೋಗಿದೆಯಮ್ಮ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ದೇವರ ಕೆಲಸದಲ್ಲಾದರೂ ಹೀಗೆ ಮಾಡಬಾರದು" ಎಂದು ಸೇರಿಸಿದೆ, ಸಾಲಿನವರಿಗೆಲ್ಲ ಕೇಳುವಂತೆ. ನನ್ನ ಕಂಠವು ತರಗತಿಯಲ್ಲಿ ಪಳಗಿದುದು. ಆಕೆ, "ನಾನು ಅಂಥೋಳಲ್ಲ ಸ್ವಾಮಿ" ಎಂದಷ್ಟೇ ಹೇಳಿ, ಪುಸ್ತಕವನ್ನು ಇದ್ದ ಜಾಗದಲ್ಲಿಯೇ ಇಟ್ಟು, ಚೀಟಿಯನ್ನೂ ಬಿಟ್ಟು ಹೊರಟುಹೋದರು.

ಸಂಜೆ ಲೆಕ್ಕ ಕೂಡಿಸುವಾಗ ಅದೇ ಬಗೆಯ ಜೋಡಿಗಳು ಮತ್ತೂ ಎರಡು ಮೂರು ಸಿಕ್ಕಿದವು. ಮೊದಲ ಸಲ ಅಚ್ಚಾದ ಚೀಟಿಗಳು ಸಾಲದೆ ಎರಡನೆಯ ಸಲ ಹಾಕಿಸಿದಾಗ ಸಂಖ್ಯೆಗಳನ್ನು ಮುಂದುವರಿಸದೆ ನಡುವಿನಿಂದ ಮತ್ತೆ ಆರಂಭಿಸಿದ್ದರು. ಆ ತಾಯಿಯ ಚೀಟಿ ಸಾಚಾ. ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ, ಬರಿಯ ಅಂಕಿಗಳಿದ್ದವು. ಕೃಷ್ಣರಾಜಪೇಟೆಯ ಕಡೆಯಿಂದ ಬಂದ ಗಾಡಿಯಲ್ಲಿ ಇದ್ದವರೆಂದು ಅಡುಗೆಯವರೊಬ್ಬರು ಹೇಳಿದರು. ಮುಂದಿನ ವರ್ಷ ಹುಡುಕಿದೆ, ಅದರ ಮುಂದಿನ ವರ್ಷವೂ ಹುಡುಕಿದೆ, ಕಾಣಲಿಲ್ಲ.

ಅಂದಿನಿಂದ ನಾನು ಕುಳಿತ ಮಳಿಗೆಗಳಲ್ಲಿ ಚೀಟಿಯ ಸಂಖ್ಯೆಯೊಡನೆ ತಂದವರ ಹೆಸರು, ಊರುಗಳನ್ನು ಬರೆದುಕೊಳ್ಳುತ್ತೇನೆ. ಜೋಡಿ ಸಂಖ್ಯೆ ಬಂದರೆ ಪುಸ್ತಕವನ್ನು ಕೊಟ್ಟು ಕಳುಹಿಸಿ ಆಮೇಲೆ ವಿಚಾರಿಸುತ್ತೇನೆ. ಆ ಕಥೆಗಳ ಪುಸ್ತಕವನ್ನು ನನ್ನ ಹಣದಿಂದ ಕೊಂಡು, ಆ ಚೀಟಿಯನ್ನು ಅದರೊಳಗಿಟ್ಟು ನಮ್ಮ ಶಾಲೆಯ ಕಚೇರಿಯ ಬೀರುವಿನಲ್ಲಿರಿಸಿದ್ದೇನೆ. ಈ ಸಂಪುಟವು ಆ ಕಡೆಯ ಹಳ್ಳಿಗಳಿಗೂ ಹೋಗುತ್ತದೆ. ಓದುಗರಲ್ಲಿ ಯಾರಿಗಾದರೂ ಆ ತಾಯಿಯ ಗುರುತು ಹತ್ತಿದರೆ, ಅವರನ್ನು ಇಲ್ಲಿಗೆ ಬರಹೇಳುವುದು ಬೇಡ; ಊರಿನ ಹೆಸರನ್ನು ತಿಳಿಸಿದರೆ ಸಾಕು, ನಾನೇ ಹೋಗಿ ಕೊಟ್ಟುಬರುತ್ತೇನೆ.