ಜೇಡ್ ಎಲೆ ಸುಕ್ಕಾಗಿದೆಯೇ? ನೀರು ಹಾಕುವ ಮುನ್ನ ಬೇರು ನೋಡಿ

ಜೇಡ್ ಗಿಡ ತಂದವರಿಂದ ಕೆಲವು ತಿಂಗಳಲ್ಲಿ ಬರುವ ದೂರು ಹೆಚ್ಚುಕಡಿಮೆ ಒಂದೇ. ‘ಎಲೆ ಸುಕ್ಕಾಗಿ ಉದುರುತ್ತಿದೆ, ದಿನಾ ತಪ್ಪದೆ ನೀರು ಹಾಕುತ್ತಿದ್ದೇವೆ, ಆದರೂ ಚೇತರಿಸಿಕೊಳ್ಳುತ್ತಿಲ್ಲ.’ ದಿನಾ ನೀರು ಹಾಕಿದ್ದರಿಂದಲೇ ಅದು ಸಾಯುತ್ತಿದೆ. ನಮ್ಮ ಮನೆಗಳಲ್ಲಿ ಈ ಗಿಡ ಬಿಸಿಲಿಗೋ ಹುಳುವಿಗೋ ಬಲಿಯಾಗುವುದು ಕಡಿಮೆ, ನೀರಿಗೆ ಬಲಿಯಾಗುವುದೇ ಹೆಚ್ಚು.

ಮೊದಲು, ನಿಮ್ಮಲ್ಲಿರುವುದು ಯಾವ ಜೇಡ್ ಎಂದು ತಿಳಿದುಕೊಳ್ಳಿ. ನರ್ಸರಿಗಳಲ್ಲಿ ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಗಿಡಗಳು ಸಿಗುತ್ತವೆ. ಹೆಬ್ಬೆರಳಿನಷ್ಟು ದೊಡ್ಡ, ದಪ್ಪನೆಯ, ಹೊಳೆಯುವ ಎಲೆ ಇದ್ದರೆ ಅದು ಕ್ರಾಸುಲಾ ಓವಾಟಾ. ನಮ್ಮ ಕಾಡುಬಸಳೆಯೂ ಇದೇ ಕುಟುಂಬದ್ದು. ಬೆರಳ ಉಗುರಿನಷ್ಟು ಚಿಕ್ಕ ಎಲೆ, ಕೆಂಗಂದು ಬಣ್ಣದ ತೆಳು ಕಾಂಡ ಇದ್ದರೆ ಅದು ಪೋರ್ಚುಲಕೇರಿಯಾ ಆಫ್ರಾ. ಬೋನ್ಸಾಯ್ ಎಂದು ಮಾರುವುದು ಹೆಚ್ಚಾಗಿ ಈ ಎರಡನೆಯದನ್ನೇ. ಎರಡೂ ದಕ್ಷಿಣ ಆಫ್ರಿಕಾ ಕಡೆಯ ಒಣ ಗುಡ್ಡಗಾಡಿನವು. ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಉಸಿರಾಡುವುದರಿಂದ ಇವು ನೀರನ್ನು ಬಹಳ ಕಡಿಮೆ ಕಳೆದುಕೊಳ್ಳುತ್ತವೆ. ಆರೈಕೆ ಎರಡಕ್ಕೂ ಬಹುತೇಕ ಒಂದೇ.

ಕುಂಡಕ್ಕೆ ತಳದಲ್ಲಿ ತೂತು ಇರಲೇಬೇಕು. ಉಡುಗೊರೆಯಾಗಿ ಬರುವ ಪಿಂಗಾಣಿ ಬಟ್ಟಲುಗಳಲ್ಲಿ ಎಷ್ಟೋ ತೂತಿಲ್ಲದವು. ತಳದಲ್ಲಿ ಜಲ್ಲಿ ಹಾಕಿದರೂ ನೀರು ಅಲ್ಲೇ ನಿಲ್ಲುತ್ತದೆ. ಅಂಥದ್ದು ಬಂದರೆ ಗಿಡವನ್ನು ಬೇರೆಡೆಗೆ ಬದಲಿಸಿ. ನನ್ನ ಮೆಚ್ಚುಗೆ ಸಾದಾ ಮಣ್ಣಿನ ಕುಂಡಕ್ಕೆ. ಅದರ ಗೋಡೆ ತಾನೇ ತೇವ ಹೀರಿ ಆರಿಸುತ್ತದೆ. ದೊಡ್ಡೆಲೆಯ ಜೇಡ್ ಬೆಳೆದಂತೆ ತಲೆಭಾರವಾಗುತ್ತದೆ, ಹಗುರವಾದ ಪ್ಲಾಸ್ಟಿಕ್ ಕುಂಡವಾದರೆ ಗಾಳಿಗೆ ಮಗುಚಿ ಬೀಳುತ್ತದೆ. ಬೇರಿನ ಗಡ್ಡೆಗಿಂತ ಎರಡು ಬೆರಳು ಅಗಲವಿದ್ದರೆ ಸಾಕು. ದೊಡ್ಡ ಕುಂಡದ ಮಣ್ಣು ಬೇಗ ಒಣಗದು.

ಮಿಶ್ರಣಕ್ಕೆ ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೆಮ್ಮಣ್ಣು, ಅರ್ಧ ಪಾಲು ಎರೆಹುಳು ಗೊಬ್ಬರ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ತೊಳೆದು, ಮೇಲುಳಿದ ಕಾಳು ಮಾತ್ರ ತೆಗೆದುಕೊಳ್ಳಿ. ಅದರ ಪುಡಿ ನೀರು ಸೇರಿದರೆ ಗಟ್ಟಿ ಕಟ್ಟುತ್ತದೆ. ಇಟ್ಟಿಗೆ ಚೂರೂ ಆಗುತ್ತದೆ. ಉತ್ತರ ಕರ್ನಾಟಕದವರು ಹೊಲದ ಕಪ್ಪು ಎರೆಮಣ್ಣನ್ನು ಇದಕ್ಕೆ ತರಬೇಡಿ. ಹತ್ತಿಗೆ, ಜೋಳಕ್ಕೆ ವರವಾದ ಅದರ ತೇವ ಹಿಡಿಯುವ ಗುಣವೇ ಜೇಡ್‌ಗೆ ಶಾಪ.

ನರ್ಸರಿ ಗಿಡ ಹಲವು ಸಲ ಬರೀ ಕೋಕೋಪೀಟ್‌ನಲ್ಲಿರುತ್ತದೆ. ಅದನ್ನು ಹಾಗೇ ಹೊಸ ಕುಂಡಕ್ಕೆ ಇಳಿಸಿದರೆ ಸುತ್ತಲಿನ ಮರಳು ಮಣ್ಣು ಒಣಗಿದ್ದರೂ ನಡುವಿನ ನಾರಿನ ಉಂಡೆ ಒದ್ದೆಯಾಗಿಯೇ ಇರುತ್ತದೆ. ತಂದು ಒಂದು ವಾರ ನೀರಿಲ್ಲದೆ ಬಿಟ್ಟು, ಒಣಗಿದ ಮೇಲೆ ಆ ಪುಡಿಯನ್ನು ಬೆರಳಿನಿಂದ ಮೆಲ್ಲಗೆ ಉದುರಿಸಿ ನೆಡಿ. ನೆಟ್ಟ ಕೂಡಲೇ ನೀರು ಬೇಡ. ಎಳೆದಾಡುವಾಗ ಗಾಯಗೊಂಡ ಬೇರು ಮಾಯಲು ನಾಲ್ಕೈದು ದಿನ ಕೊಡಿ.

ಎರಡು ಬಗೆಯ ಸುಕ್ಕು

ಓದುಗರು ಎಡವುವುದು ಇಲ್ಲಿಯೇ, ಇದನ್ನು ಗಮನವಿಟ್ಟು ಓದಬೇಕು. ಬಾಯಾರಿದ ಜೇಡ್‌ನ ಎಲೆ ಸುಕ್ಕಾಗುತ್ತದೆ. ಬೇರು ಕೊಳೆತ ಜೇಡ್‌ನ ಎಲೆಯೂ ಸುಕ್ಕಾಗುತ್ತದೆ. ಏಕೆಂದರೆ ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಕುಂಡದ ತುಂಬ ನೀರಿದ್ದೂ ಎಲೆಗೆ ಬರಗಾಲ. ಮೇಲಿನಿಂದ ನೋಡಿದವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ‘ಪಾಪ, ಒಣಗುತ್ತಿದೆ’ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಉಳಿದಿದ್ದ ನಾಲ್ಕು ಬೇರೂ ಅಲ್ಲಿಗೆ ಮುಗಿಯುತ್ತದೆ.

ಆದ್ದರಿಂದ ಎಲೆಯನ್ನು ನೋಡಿ ನೀರು ಹಾಕಬೇಡಿ, ಮಣ್ಣನ್ನು ನೋಡಿ ಹಾಕಿ. ತೆಂಗಿನ ಗರಿಯ ಪೊರಕೆಯಿಂದ ಒಂದು ಕಡ್ಡಿ ಎಳೆದು, ಕುಂಡದ ತಳ ಮುಟ್ಟುವವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರತೆಗೆದಾಗ ಕಡ್ಡಿ ಒಣಗಿದ್ದು ಮಣ್ಣು ಅಂಟಿರದಿದ್ದರೆ ಅದು ಬಾಯಾರಿಕೆಯ ಸುಕ್ಕು. ಆಗ ತಳದ ತೂತಿನಿಂದ ಹರಿಯುವಷ್ಟು ಧಾರಾಳವಾಗಿ ನೀರು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕೆಲವೇ ದಿನಗಳಲ್ಲಿ ಎಲೆ ಮತ್ತೆ ತುಂಬಿಕೊಳ್ಳುತ್ತದೆ. ಕಡ್ಡಿ ಒದ್ದೆಯಾಗಿದ್ದೂ ಎಲೆ ಸುಕ್ಕಾಗಿದ್ದರೆ, ಅದರ ಜೊತೆಗೆ ಎಲೆ ಹಳದಿಯಾಗಿ ನೀರುನೀರಾಗಿದ್ದರೆ, ಮುಟ್ಟಿದರೆ ಕಳಚಿ ಬರುತ್ತಿದ್ದರೆ, ಕಾಂಡದ ಬುಡ ಒತ್ತಿದಾಗ ಮೆತ್ತಗಿದ್ದರೆ ಅದು ಕೊಳೆ. ಅಂದೇ ಗಿಡ ಕೀಳಿ.

ಕಿತ್ತಮೇಲೆ ಕಪ್ಪಾದ, ಲೋಳೆಯಾದ ಬೇರನ್ನೆಲ್ಲ ಕತ್ತರಿಸಿ. ಕೊಳೆ ಕಾಂಡಕ್ಕೆ ಏರಿದ್ದರೆ, ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆ ಒಂದೂ ಕಾಣದೆ ಒಳಗು ಪೂರಾ ಹಸಿರಾಗುವವರೆಗೆ ಮೇಲಕ್ಕೆ ಕತ್ತರಿಸುತ್ತಾ ಹೋಗಿ. ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ. ಇಲ್ಲಿ ಜಿಪುಣತನ ಬೇಡ. ಗಿಡ ಗಿಡ್ಡವಾಗುತ್ತದೆಂದು ಸ್ವಲ್ಪ ಕೊಳೆ ಬಿಟ್ಟರೆ ಅದು ಇಡೀ ಕಾಂಡಕ್ಕೆ ಹಬ್ಬುತ್ತದೆ. ಉಳಿದ ಭಾಗವನ್ನು ನೆರಳಲ್ಲಿ ಒಂದು ವಾರ ಒಣಗಿಸಿ ಹೊಸ ಮಿಶ್ರಣದಲ್ಲಿ ನೆಡಿ. ಹಳೆಯ ಮಣ್ಣನ್ನು ಇನ್ನೊಂದು ಜೇಡ್‌ಗೆ ಬಳಸಬೇಡಿ.

‘ವಾರಕ್ಕೆ ಎಷ್ಟು ಸಲ’ ಎಂಬ ಪ್ರಶ್ನೆಗೆ ನಾನು ವೇಳಾಪಟ್ಟಿ ಕೊಡುವುದಿಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿಯ ತಾರಸಿಯ ಮೇಲಿನ ಕುಂಡ ನಾಲ್ಕೈದು ದಿನಕ್ಕೆ ಒಣಗಬಹುದು, ಆಗಸ್ಟ್‌ನಲ್ಲಿ ಶಿವಮೊಗ್ಗದ ಕಿಟಕಿಯಲ್ಲಿರುವುದಕ್ಕೆ ಮೂರು ವಾರವೂ ಸಾಲದಿರಬಹುದು. ಕಡ್ಡಿ ಹೇಳಿದಂತೆ ಕೇಳಿ. ಕರಾವಳಿ, ಮಲೆನಾಡಿನವರು ಮಳೆಗಾಲ ಪೂರ್ತಿ ಗಿಡವನ್ನು ಸೂರಿನಡಿ ಇಡಬೇಕು. ಬೆಂಗಳೂರಿನವರು ಅಕ್ಟೋಬರ್ ಮಳೆಯನ್ನು ಮರೆಯಬೇಡಿ.

ಬೆಳಕಿನ ವಿಷಯ. ಬೆಳಗಿನ ನಾಲ್ಕು ಗಂಟೆಗಳ ಬಿಸಿಲು ಬೀಳುವ ಜಾಗ ಒಳ್ಳೆಯದು. ಅದೃಷ್ಟದ ಗಿಡವೆಂದು ದಿಕ್ಕು ನೋಡಿ ಕತ್ತಲೆ ಮೂಲೆಯಲ್ಲಿಟ್ಟರೆ ಕಾಂಡ ಉದ್ದವಾಗಿ ಸೊರಗಿ, ಎಲೆ ದೂರದೂರವಾಗುತ್ತದೆ. ನಂಬಿಕೆ ಇರುವವರು ಇರಿಸಿಕೊಳ್ಳಲಿ, ಆದರೆ ಆ ದಿಕ್ಕಿನಲ್ಲಿ ಕಿಟಕಿಯೂ ಇರಲಿ. ಒಳಗಿದ್ದ ಗಿಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ತಂದರೆ ಎಲೆ ಸುಡುತ್ತದೆ, ಎರಡು ವಾರದಲ್ಲಿ ಮೆಲ್ಲನೆ ರೂಢಿ ಮಾಡಿಸಿ. ಅಂಚು ಕೆಂಪಾದರೆ ಗಾಬರಿ ಬೇಡ, ಅದು ಬಿಸಿಲಿನ ಬಣ್ಣ.

ಹೊಸ ಗಿಡಕ್ಕೆ ಗೇಣುದ್ದಕ್ಕಿಂತ ಚಿಕ್ಕ ಕೊಂಬೆ ಸಾಕು. ಕೆಳಗಿನ ಎಲೆ ತೆಗೆದು, ಕತ್ತರಿಸಿದ ತುದಿ ಒಣಗಿ ಗಟ್ಟಿಯಾಗುವವರೆಗೆ ಐದಾರು ದಿನ ನೆರಳಲ್ಲಿಟ್ಟು ನೆಡಿ. ದೊಡ್ಡೆಲೆಯದು ಒಂದು ಎಲೆಯಿಂದಲೂ ಚಿಗುರುತ್ತದೆ, ಚಿಕ್ಕೆಲೆಯದಕ್ಕೆ ಕೊಂಬೆಯೇ ವಾಸಿ. ಗೊಬ್ಬರ ವರ್ಷಕ್ಕೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ, ಅಷ್ಟೇ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ. ಎಣ್ಣೆ, ಸೋಪಿನ ದ್ರಾವಣ ಈ ಎಲೆಯ ಮೇಣದ ಪದರಕ್ಕೆ ಒಗ್ಗದೆ ಕಲೆ ಬೀಳಿಸುವುದುಂಟು.

ಮನೆಯಲ್ಲಿ ನಾಯಿ, ಬೆಕ್ಕು ಇದ್ದವರು ಗಮನಿಸಿ. ಚಿಕ್ಕೆಲೆಯ ಜೇಡ್ ಅವುಗಳಿಗೆ ವಿಷವಲ್ಲ. ದೊಡ್ಡೆಲೆಯದು ವಿಷ, ತಿಂದರೆ ವಾಂತಿಯಾಗುತ್ತದೆ. ಅದನ್ನು ಅವುಗಳ ಬಾಯಿಗೆ ಎಟುಕದ ಎತ್ತರದಲ್ಲಿಡಿ, ತಿಂದದ್ದು ಗೊತ್ತಾದರೆ ಪಶುವೈದ್ಯರಿಗೆ ತೋರಿಸಿ.