ಅಂಕ ಹಾಕುವ ಮೊದಲು, ತಂಗೀ

ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿದ್ದೀ ಅಂತ ಕೇಳಿ ಸಂತೋಷವಾಯಿತು, ತಂಗೀ. ಇನ್ನು ತಾಂಡಾ ಶಾಲೆ, ಉರ್ದು ಶಾಲೆ, ಗಡಿಯ ಮರಾಠಿ ಶಾಲೆ ಎಲ್ಲ ತಿರುಗಿ ಪಾಠ ನೋಡಬೇಕು. ‘ಬೇರೆ ಸಂಸ್ಕೃತಿಯ ಮಕ್ಕಳನ್ನು ಗೌರವದಿಂದ ಕಾಣುತ್ತೀರಾ?’ ಎಂದು ಮಾಸ್ತರರನ್ನೇ ಕೇಳಿ ರೈಟ್ ಗುರುತು ಹಾಕಿ ಬಂದುಬಿಡಬೇಡ. ಇಲ್ಲ ಅಂದವರು ನನ್ನ ಇಡೀ ಸರ್ವಿಸಿನಲ್ಲಿ ಒಬ್ಬರೂ ಸಿಕ್ಕಿಲ್ಲ.

ನಾನೂ ಎಡವಿದವನೇ. ಒಂದು ಲಂಬಾಣಿ ತಾಂಡಾ ಶಾಲೆ, ಒಂದನೇ ತರಗತಿ. ಮಾಸ್ತರರು ತಾಯಿಯ ಚಿತ್ರ ತೋರಿಸಿ ‘ಇವರು ಯಾರು?’ ಅಂದರು. ಮುಂದೆ ಕೂತ ಹುಡುಗಿ ‘ಯಾಡಿ’ ಅಂದಳು. ‘ಯಾಡಿ ಅಲ್ಲ, ಅಮ್ಮ’ ಎಂದು ತಿದ್ದಿದರು. ಬೈಯಲಿಲ್ಲ, ನಗುತ್ತಲೇ ತಿದ್ದಿದರು. ಉಚ್ಚಾರ ಸ್ಪಷ್ಟ, ಅಕ್ಷರ ಮುತ್ತಿನಂಥವು. ನಾನು ‘ಉತ್ತಮ’ ಎಂದು ಬರೆದೆ. ಆ ಹುಡುಗಿ ಆಮೇಲೆ ಬಾಯಿಯನ್ನೇ ಬಿಡಲಿಲ್ಲ ಅನ್ನುವುದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ವರ್ಷಗಳಾದ ಮೇಲೆ ಇನ್ನೊಂದು ಶಾಲೆಯಲ್ಲಿ ಅಕ್ಕೋರೊಬ್ಬರು ಅಮ್ಮ, ಅವ್ವ, ಯಾಡಿ ಮೂರನ್ನೂ ಹಲಗೆಯ ಮೇಲೆ ಬರೆದು ಓದಿಸುತ್ತಿದ್ದರು. ಅವರಿಗೆ ಲಂಬಾಣಿ ಬರುತ್ತಿರಲಿಲ್ಲ. ಮಕ್ಕಳನ್ನೇ ಕೇಳಿ ಬರೆದುಕೊಂಡಿದ್ದರು. ನೀನು ಅಳೆಯಬೇಕಾದದ್ದು ಆ ಕೇಳುವ ಗುಣವನ್ನು.

ಬೇರೆ ಸಂಸ್ಕೃತಿಯನ್ನು ನಾವು ಕಾಣುವ ಬಗೆಗೆ ಅಮೆರಿಕದ ಮಿಲ್ಟನ್ ಬೆನೆಟ್ 1986ರಲ್ಲಿ ಆರು ಮೆಟ್ಟಿಲು ಹೇಳಿದ್ದಾರೆ. ಭೇದವೇ ಕಣ್ಣಿಗೆ ಬೀಳದಿರುವುದು ಮೊದಲನೆಯದು. ಮೂರನೆಯದು ‘ನನಗೆ ಎಲ್ಲ ಮಕ್ಕಳೂ ಒಂದೇ’ ಅನ್ನುವಂಥದ್ದು. ನಮ್ಮವರಲ್ಲಿ ಬಹಳ ಮಂದಿ ಅಲ್ಲೇ ಕೂತಿದ್ದಾರೆ ಅಂತ ನನಗನಿಸುತ್ತದೆ. ಒಳ್ಳೆಯವರೇ ಪಾಪ, ಆದರೆ ಆ ‘ಒಂದೇ’ ಎಂಬುದು ಯಾವಾಗಲೂ ಅವರ ಮನೆಯ ಹಾಗೇ ಇರುತ್ತದೆ!

ಕೌನ್ಸಿಲ್ ಆಫ್ ಯುರೋಪ್ 2009ರಲ್ಲಿ ತಂದ ಕ್ರಮ ನನಗೆ ಹೆಚ್ಚು ಹಿಡಿಸಿತು. ಬೇರೆ ಸಂಸ್ಕೃತಿಯವರ ಜೊತೆ ನಡೆದ ಒಂದೇ ಒಂದು ಪ್ರಸಂಗ ನೆನೆದು ಬರೆಯಬೇಕು: ಏನಾಯಿತು, ನನಗೇನು ಅನಿಸಿತು, ಅವರಿಗೇನು ಅನಿಸಿರಬಹುದು. ಅಂಕದ ಮಾತಿಲ್ಲ. ಸಮಾಲೋಚನಾ ಸಭೆಯಲ್ಲಿ ಚಹಾ ಬರುವ ಮೊದಲು ಹತ್ತು ನಿಮಿಷ ಇದನ್ನು ಬರೆಸಿ ನೋಡು. ಮೊದಲು ನಿನ್ನದನ್ನು ಓದು, ಆಗ ಉಳಿದವರಿಗೂ ಧೈರ್ಯ ಬರುತ್ತದೆ.

ಇನ್ನೊಂದು. ದೀಪಾವಳಿ ಕಳೆದ ಮೇಲೆ ಹಾಜರಿ ಪುಸ್ತಕ ತೆಗೆಸಿ, ಬಾರದ ಮಕ್ಕಳು ಎಲ್ಲಿ ಎಂದು ಕೇಳು. ‘ಕಬ್ಬು ಕಡಿಯೋಕೆ ಅಪ್ಪ-ಅವ್ವನ ಜೊತೆ ಹೋಗಿದ್ದಾರೆ, ಇಂಥ ಊರು, ಇಷ್ಟು ತಿಂಗಳು, ಪುಸ್ತಕ ಕೊಟ್ಟು ಕಳಿಸಿದ್ದೇನೆ’ ಅಂದವರಿಗೆ ಧಾರಾಳವಾಗಿ ಅಂಕ ಹಾಕು. ‘ತಾಂಡಾದ ಮಂದಿ ಹಿಂಗೇ ರೀ’ ಅಂದವರ ಶಾಲೆಗೆ ಮರುವಾರವೇ ಇನ್ನೊಮ್ಮೆ ಹೋಗು. ಹೋಗಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತುಕೋ.